ಮೂಲೆಯ ಚೆಲ್ಲೋ

“ಈಗ ನನ್ನ ಅಣ್ಣನ ಸರದಿ. ನಾವಿಬ್ರೂ ಸುಮ್ನಿರ್ಬೇಕು,” ಎಂದು ಎಸ್ತೇರಮ್ಮ ಮಿಸ್ ಪಿಯಾನೋದಿಂದ ಕೈ ತೆಗೆದರು.

ಜಗದಾಂಬಾ ಪಿಟೀಲಿನ ಕಮಾನು ಎತ್ತಿ ಹಿಡಿದು ನಿಂತಳು. ಮೂಲೆಯ ಕುರ್ಚಿಯಲ್ಲಿ ಯಾರೂ ಇರಲಿಲ್ಲ. ಮಿಸ್ ಅವರ ಅಣ್ಣ ಶ್ಯಾಮಸುಂದರ ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು. ಅವರ ಚೆಲ್ಲೋ ಗೋಡೆಗೆ ಒರಗಿಕೊಂಡಿತ್ತು. ನೋಡಲು ಪಿಟೀಲಿನ ಹಾಗೆಯೇ, ಆದರೆ ಎತ್ತರದಲ್ಲಿ ಜಗದಾಂಬಾಳಿಗಿಂತ ಸ್ವಲ್ಪವೇ ಗಿಡ್ಡ. ಮೂರು ವಾದ್ಯ ಕೂಡಿ ನುಡಿಸುವ ಟ್ರಿಯೋದಲ್ಲಿ ಮಿಸ್ ಇವತ್ತಿಗೂ ಅಣ್ಣನ ಜಾಗ ಖಾಲಿ ಬಿಡುತ್ತಿದ್ದರು.

“ಈಗ ನೀನು. ಸ್ವರ ತಪ್ಪಲ್ಲ ನೀನು, ಆದ್ರೆ ಮಗ್ಗಿ ಒಪ್ಪಿಸ್ದಂಗೆ ನುಡಿಸ್ತೀಯ. ಇಲ್ಲಿ ಅಳು ಇದೆ ಕಣೇ. ಕಮಾನು ಒತ್ತಬೇಡ, ಉಸಿರು ಬಿಡೋ ಹಾಗೆ ಎಳಿ.”

ಜಗದಾಂಬಾ ಎಳೆದಳು. ನಿಲ್ಲಿಸಿದಳು. ಆದರೆ ಸದ್ದು ನಿಲ್ಲಲಿಲ್ಲ. ಮೂಲೆಯಲ್ಲಿ ಯಾರೋ ಬಾಯಿ ಮುಚ್ಚಿಕೊಂಡು ಗುನುಗಿದರು.

ಅವಳು ಮೂಲೆಯ ಕಡೆ ತಿರುಗಿದಳು. “ಮಿಸ್, ಯಾರೋ ಗುನುಗಿದ್ರು!”

“ನಂಗೂ ಕೇಳ್ಸುತ್ತೆ,” ಎಂದರು ಮಿಸ್, ತಿರುಗಿ ನೋಡದೆ.

ಹೊರಗೆ ಕತ್ತಲಾಗುತ್ತಿತ್ತು. ರಾಜಾಜಿನಗರದ ಆ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಮಿಸ್ ದೀಪ ತರಲು ಒಳಗೆ ಹೋದರು.

ಜಗದಾಂಬಾ ಬೇಗಬೇಗ ಪಿಟೀಲನ್ನು ಪೆಟ್ಟಿಗೆಯಲ್ಲಿ ಇಡಹೋದಳು. ಬೆರಳು ತಂತಿಗೆ ತಗುಲಿತು. ಮೂಲೆ ಮತ್ತೆ ಗುನುಗಿತು.

ಓಡಬೇಕೆನಿಸಿತು. ಓಡಿದರೆ ಬೆನ್ನ ಹಿಂದೆಯೇ ಬಂದೀತು ಎನಿಸಿತು. ಅವಳು ಪಿಟೀಲನ್ನು ಗದ್ದದಡಿ ಒತ್ತಿಹಿಡಿದು ಮೂಲೆಗೇ ನಡೆದಳು. ಚೆಲ್ಲೋದ ಮೇಲೆ ಎಡಗೈ ಇಟ್ಟಳು. ಮರ ತಣ್ಣಗಿತ್ತು. ಬಲಗೈ ಬೆರಳಿನಿಂದ ಪಿಟೀಲಿನ ತಂತಿ ಮೀಟಿದಳು. ಅಂಗೈ ಕೆಳಗೆ ಮರ ಗುರುಗುಡುವ ಬೆಕ್ಕಿನ ಹೊಟ್ಟೆಯಂತೆ ನಡುಗಿತು!

“ಗೊತ್ತಾಯ್ತಾ?” ಮಿಸ್ ದೀಪ ಹಿಡಿದು ಬಾಗಿಲಲ್ಲಿ ನಿಂತಿದ್ದರು. “ದಿನಾ ಬೆಳಿಗ್ಗೆ ಅದನ್ನ ಶ್ರುತಿ ಮಾಡ್ತೀನಿ. ಅದೇ ಸ್ವರ ನಾವು ನುಡಿಸಿದ್ರೆ ಅದರ ತಂತಿನೂ ನಡುಗುತ್ತೆ.”

“ಯಾರೂ ನುಡ್ಸಲ್ವಲ್ಲ ಮಿಸ್, ಯಾಕೆ ಶ್ರುತಿ ಮಾಡ್ತೀರಿ?”

ಮಿಸ್ ದೀಪವನ್ನು ಪಿಯಾನೋ ಮೇಲೆ ಇಟ್ಟರು. ಅಣ್ಣನ ಖಾಲಿ ಕುರ್ಚಿಯನ್ನು ನೇರ ಮಾಡಿ ಬಂದು ಪಿಯಾನೋ ಮುಂದೆ ಕೂತರು.

ಜಗದಾಂಬಾ ಕಮಾನು ಎತ್ತಿಕೊಂಡು ಒಬ್ಬಳೇ ಶುರುಮಾಡಿದಳು. ಈ ಸಲ ಒಂದು ಎರಡು ಮೂರು ಎಂದು ಎಣಿಸಲಿಲ್ಲ. ಪಿಯಾನೋ ಸೇರಬೇಕಾದ ಕಡೆ ಮಿಸ್ ಅವರ ಕೈ ಏಳಲಿಲ್ಲ. ಅವರು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು.

ಜಗದಾಂಬಾ ಅದೇ ಸ್ವರವನ್ನು ಹಿಡಿದುಕೊಂಡಳು. ಮಿಸ್ ಅವರ ಬೆರಳು ಪಿಯಾನೋ ಮೇಲೆ ಇಳಿಯುವವರೆಗೂ ಕಮಾನನ್ನು ಮೆಲ್ಲಮೆಲ್ಲಗೆ ಎಳೆಯುತ್ತಲೇ ಇದ್ದಳು.