ಅಣ್ಣನ ಕಾಲಿಗೆ ಬಂದ ಬಾವು

"ನನ್ನ ತಮ್ಮನ ಹೆಂಡತಿ ಮೇಲೆ ಕಣ್ಣಿಟ್ಟು ಜೊಲ್ಲು ಸುರಿಸ್ತಿದ್ದ ನಾಯಿ ನೀನು. ನೀನೇನೋ ತನಿಖೆ ಮಾಡೋದು?"

ಕೊಲಿನಿಯೊ ಹೀಗೆ ಅಂದಾಗ ಇಡೀ ಊರು ಚಾಪೆಯ ಮೇಲೆ ಕೂತಿತ್ತು. ನಡುವೆ ಅವನ ತಮ್ಮ ಅಪಿಸಾಯಿಯ ಹೆಣ. ಬೆಳಿಗ್ಗೆ ಮರಗೆಣಸಿನ ತೋಟದಲ್ಲಿ ಸಿಕ್ಕಿತ್ತು, ಎದೆ ಹಿಡಿದುಕೊಂಡಂತೆಯೇ.

ಕೋರೊ ದ್ವೀಪಕ್ಕೆಲ್ಲ ಒಬ್ಬನೇ ಪೊಲೀಸು ಸೈರೂಸಿ. ಹೆಣದ ಪಕ್ಕ ಮಂಡಿಯೂರಿದ.

"ಇವಳೇ ವಿಷ ಹಾಕಿದ್ದು," ಕೊಲಿನಿಯೊ ತಮ್ಮನ ಹೆಂಡತಿಯ ಕಡೆ ಕೈ ತೋರಿಸಿದ. " ಮಣ್ಣಿಗಿಡೋಕೆ ಮುಂಚೆ ದೋಣಿ ಹತ್ತಿಸಿ ತವರಿಗೆ ಅಟ್ಟಿ!"

ವಾಸೆವಾ ತಲೆ ಎತ್ತಲಿಲ್ಲ. ಗಂಡನ ಕೈಯನ್ನೂ ಬಿಡಲಿಲ್ಲ.

* * *

"ನಿನ್ನೆ ಏನು ತಿಂದ?" ಒಲೆಮನೆಯಲ್ಲಿ ಸೈರೂಸಿ ವಾಸೆವಾಳನ್ನು ಕೇಳಿದ.

"ನಾನು ತಿಂದಿದ್ದನ್ನೇ. ಒಂದೇ ತಟ್ಟೆ."

"ಯಂಗೋನ ಬೇರಿನ ನೀರು ಕುಡಿದಿದ್ನಾ?"

"ಎಲ್ಲರ ಜೊತೆ. ಒಂದೇ ಕರಟದಲ್ಲಿ."

"ಮಾತ್ರೆ?"

"ಬಿಪಿಗೂ ಎದೆನೋವಿಗೂ ಸೇರಿ ಒಂದೇ ಗುಳಿಗೆ. ಅದರಿಂದ ಕಾಲು ಊದಿ ಒದ್ದಾಡ್ತಿದ್ರು. ಈಗ ಕೆಲವು ದಿನದಿಂದ ಬಾವು ಇಳಿದಿತ್ತು. ಮತ್ತೆ ಕುಣೀತೀನಿ ಕಣೇ ಅಂತ ನಗ್ತಿದ್ರು..."

ಆ ದನಿಯಲ್ಲಿದ್ದ ಹಂಬಲ ತನಗಾಗಿ ಅಲ್ಲ. ಗೊತ್ತಿದ್ದೂ ಸೈರೂಸಿ ಕೇಳುತ್ತ ನಿಂತ.

* * *

"ಬಾವು ಇಳೀತು ಅಂದ್ರೆ ಮಾತ್ರೆ ನಿಂತಿದೆ ಕಣೋ," ಎಂದಳು ನರ್ಸ್ ಉನೈಸಿ. "ದಿಢೀರಂತ ನಿಲ್ಸಿದ್ರೆ ಎದೆ ಹಿಡ್ಕೊಳ್ಳುತ್ತೆ."

"ಇದು ಯಾರಿಗೆ ಗೊತ್ತಿತ್ತಕ್ಕಾ?"

"ಕೊಲಿನಿಯೊಗೆ. ನನಗೂ ಎದೆನೋವು, ಅದನ್ನೇ ಕೊಡು ಅಂತ ಬಂದಿದ್ದ. ಸುವಾದ ದೊಡ್ಡಾಸ್ಪತ್ರೆಗೆ ಹೋಗಿ ತೋರಿಸ್ಕೋ, ತಮ್ಮಂದು ಕಿತ್ಕೊಂಡ್ರೆ ಅವನು ಸಾಯ್ತಾನೆ ಅಂತ ಹೇಳೇ ಕಳಿಸಿದೆ. ಆಸ್ಪತ್ರೆ ಅಂದ್ರೆ ಉಚ್ಚೆ ಹೊಯ್ಕೊಳ್ತಾನೆ, ಮಹಾ ಗಂಡಸು!"

* * *

"ಕೊಲಿನಿಯೊ ಅಣ್ಣಾ, ಕಾಲು ಚಾಚು," ಎಂದ ಸೈರೂಸಿ, ಮತ್ತೆ ಊರವರ ಚಾಪೆಯ ಬಳಿ ಬಂದು.

ಕೊಲಿನಿಯೊ ಪಂಚೆ ಎಳೆದು ಮುಚ್ಚಿಕೊಂಡ. ಪಕ್ಕದ ಮುದುಕಿ ಸರಕ್ಕನೆ ಸರಿಸಿದಳು. ದೀವಿಹಲಸಿನಂತೆ ಊದಿದ ಕಾಲು.

"ತಮ್ಮನ ಕಾಲಿನ ಬಾವು ಇಳೀತು, ನಿನ್ನ ಕಾಲಿಗೆ ಬಂತು. ಊಟದಲ್ಲೋ ಕರಟದಲ್ಲೋ ವಿಷ ಇದ್ದಿದ್ರೆ ಜೊತೆಗಿದ್ದೋರೂ ಹೋಗ್ತಿದ್ರು. ನೀನು ಮಾತ್ರೆ ಬೇಡಿದೆ. ಒಡಹುಟ್ಟಿದವನು ಕೈಯೊಡ್ಡಿದ್ರೆ ಇಲ್ಲ ಅನ್ನೋದು ನಮ್ಮಲ್ಲಿಲ್ಲ. ಅಪಿಸಾಯಿ ಅಷ್ಟೂ ಕೊಟ್ಟ. ಕೊಟ್ರೆ ಸಾಯ್ತಾನೆ ಅಂತ ಗೊತ್ತಿದ್ದೂ ನೀನು ಇಸ್ಕೊಂಡೆ."

"ಬದುಕಬೇಕು ಅನ್ನಿಸ್ತು ಕಣ್ರೋ..." ಕೊಲಿನಿಯೊ ಊದಿದ ಕಾಲನ್ನು ಮತ್ತೆ ಪಂಚೆಯೊಳಗೆ ಎಳೆದುಕೊಂಡ.

"ಮಣ್ಣು ಮುಗಿಸಿ ಸುವಾಕ್ಕೆ ನಡಿ. ಕೋರ್ಟೂ ಅಲ್ಲೇ, ಆಸ್ಪತ್ರೆಯೂ ಅಲ್ಲೇ."

ವಾಸೆವಾಳನ್ನು ಊರು ಬಿಡು ಎನ್ನಲು ಇನ್ನು ಯಾರೂ ಬಾಯಿ ತೆರೆಯಲಿಲ್ಲ.

ಅವಳು ಬಾಗಿಲವರೆಗೂ ಬಂದಳು. "ಮಾತ್ರೆ ಕೊಡ್ತೀನಿ ಅಂತ ಹೇಳಿದ್ರೆ ನಾನು ತಡೀತಿದ್ದೆ. ಅದಕ್ಕೇ ಮುಚ್ಚಿಟ್ರು. ಅವರ ಜಾಗದಲ್ಲಿ ನೀನಿದ್ದಿದ್ರೆ ನನಗೆ ಹೇಳ್ತಿದ್ದೆಯಾ, ಸೈರೂಸಿ?"

ಆ ಜಾಗದಲ್ಲಿ ತನ್ನನ್ನು ಎಷ್ಟು ಸಲ ಕೂರಿಸಿ ನೋಡಿಕೊಂಡಿದ್ದನೋ. ಸೈರೂಸಿ ಟೋಪಿ ಹಾಕಿಕೊಂಡ. ದೋಣಿ ಸಿದ್ಧ ಮಾಡಲು ದಡದ ಕಡೆ ನಡೆದುಬಿಟ್ಟ.