ಮೇಷ್ಟ್ರ ಮನೆಗೆ ಬಂದ ಪೀಚ್ ಹಣ್ಣು

"ಇದೇ ಕೊನೆ ಆಗ್ಲಿ. ಮುಂದಿನ ವರ್ಷದಿಂದ ದಯವಿಟ್ಟು ತರಬೇಡಿ."

ಬಾಗಿಲಲ್ಲೇ ನಿಂತು ಚಿನಾಮಿ ಹೇಳಿಬಿಟ್ಟಳು. ಜುಲೈ ಬಿಸಿಲಿನಲ್ಲಿ ಜಪಾನಿನ ಒನೊಮಿಚಿ ಊರಿನ ಕಡಿದಾದ ಮೆಟ್ಟಿಲುಗಳನ್ನು ಹತ್ತಿ ಬಂದಿದ್ದ ಹಯಾಸೆಯ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಬೇಸಿಗೆ ಬಂತೆಂದರೆ ಉಪಕಾರ ಮಾಡಿದವರಿಗೆ ಎಲ್ಲರೂ ಓಚೂಗೆನ್ ಕಾಣಿಕೆ ಕಳಿಸುತ್ತಾರೆ. ಅಂಗಡಿಯವರೇ ಮನೆಗೆ ತಲುಪಿಸುತ್ತಾರೆ. ಇವನು ಮಾತ್ರ ಒಕಾಯಾಮಾದಿಂದ ರೈಲು ಹತ್ತಿ ತಾನೇ ಹೊತ್ತು ತರುತ್ತಿದ್ದ. ತಾಯಿ ತೀರಿಕೊಂಡಾಗ ಸ್ಕೂಲು ಬಿಟ್ಟು ಮೂಲೆ ಸೇರಿದ್ದ ಹುಡುಗನನ್ನು ಮನೆಗೇ ಹೋಗಿ ಕರೆತಂದು ಓದಿಸಿದ ಮೇಷ್ಟ್ರು ಚಿನಾಮಿಯ ಅಪ್ಪ. ಆ ಅಪ್ಪ ಕಳೆದ ಚಳಿಗಾಲದಲ್ಲಿ ಹೋಗಿಬಿಟ್ಟಿದ್ದರು.

"ನಾನು ಬಂದಿದ್ದು ತೊಂದ್ರೆ ಆಯ್ತಾ?"

"ಅಯ್ಯೋ, ಹಾಗಲ್ಲ. ಅಪ್ಪನೇ ಇಲ್ವಲ್ಲ ಹಯಾಸೆಯವರೇ. ಇನ್ನೂ ಎಷ್ಟು ವರ್ಷ ಋಣ ತೀರಿಸ್ತೀರಿ?"

ಋಣಕ್ಕೆಂದು ಬರುವವನ ದಾರಿ ಕಾಯುವುದು ಅವಳಿಗೆ ಸಾಕಾಗಿತ್ತು. ಅದನ್ನು ಹೇಳುವುದು ಹೇಗೆ?

ಹಯಾಸೆ ಮೇಷ್ಟ್ರ ಪಟದ ಮುಂದೆ ಊದಿನಕಡ್ಡಿ ಹಚ್ಚಿದ. ಅವಳಿಟ್ಟ ತಣ್ಣನೆಯ ಬಾರ್ಲಿ ಚಹಾ ಮುಟ್ಟದೆ, ಬಾಗಿ ವಂದಿಸಿ ಹೊರಟುಹೋದ.

ಸಾವಾಗಿ ವರ್ಷ ತುಂಬದ ಮನೆಯೆಂದು ತಾನು ತಂದ ಪೆಟ್ಟಿಗೆಗೆ ಬರಿಯ ಬಿಳಿ ಕಾಗದ ಸುತ್ತಿದ್ದ. ಎಂದಿನಂತೆ ಅಪ್ಪನ ಇಷ್ಟದ ಬಿಯರ್ ಇರಬೇಕೆಂದು ಚಿನಾಮಿ ಬಿಚ್ಚಿದರೆ, ಮಂದ ಗುಲಾಬಿ ಬಣ್ಣದ ಪೀಚ್ ಹಣ್ಣುಗಳು! ಪೀಚ್ ಮುಟ್ಟಿದರೂ ಅಪ್ಪನ ಮೈಯೆಲ್ಲ ತುರಿಕೆ. ಅದು ಹಯಾಸೆಗೆ ಚೆನ್ನಾಗಿ ಗೊತ್ತು.

ಚಿನಾಮಿ ಚಪ್ಪಲಿ ಸಿಕ್ಕಿಸಿಕೊಂಡು ಮೆಟ್ಟಿಲಿಳಿದು ಓಡಿದಳು.

ಬಸ್ ಸ್ಟಾಪಿನಲ್ಲಿ ಅವನೊಬ್ಬನೇ ನಿಂತಿದ್ದ.

"ಆ ಹಣ್ಣು... ಅಪ್ಪನಿಗಲ್ಲ ಅಲ್ವಾ?"

ಹಯಾಸೆಯ ಕಿವಿ ಕೆಂಪಾಯಿತು. "ಅಲ್ಲ. ಮೊದಲನೇ ವರ್ಷ ನಮ್ಮಜ್ಜಿ ಪೀಚ್ ಕೊಟ್ಟು ಕಳಿಸಿದ್ರು. ಮೇಷ್ಟ್ರು ಮುಟ್ಟಲೇ ಇಲ್ಲ. ಅಷ್ಟನ್ನೂ ನೀವೊಬ್ರೇ ತಿಂದ್ರಿ. ಗಲ್ಲದಿಂದ ರಸ ಇಳೀತಿತ್ತು."

"ಅದನ್ನ ಈಗ ನೆನಪಿಸ್ಬೇಕಿತ್ತಾ!"

"ನೋಡಿ ನಕ್ಕುಬಿಟ್ಟೆ. ಅಮ್ಮ ಹೋದ್ಮೇಲೆ ಮೊದಲ ಸಲ ನಕ್ಕಿದ್ದು ಅವತ್ತೇ. ಸ್ಕೂಲಿಗೆ ಕರ್ಕೊಂಡು ಹೋಗಿದ್ದು ಮೇಷ್ಟ್ರು, ನಗು ವಾಪಸ್ ಕೊಟ್ಟಿದ್ದು ನೀವು. ನಿಮಗೆ ಥ್ಯಾಂಕ್ಸ್ ಹೇಳೋಕೆ ಧೈರ್ಯ ಬರ್ಲಿಲ್ಲ. ಅದಕ್ಕೇ ಮೇಷ್ಟ್ರ ಹೆಸರಲ್ಲಿ ಬಿಯರ್ ಹೊತ್ಕೊಂಡು ಬರ್ತಿದ್ದೆ, ನಿಮ್ಮನ್ನ ನೋಡೋಕೆ."

ಚಿನಾಮಿಗೆ ಈಗ ಹೊಳೆಯಿತು. ತಾನು ತಿಂದ ಹಣ್ಣೊಂದು ಇನ್ನೊಬ್ಬರ ಬದುಕಿಗೆ ಒದಗಿಬಂದಿತ್ತು, ತನಗೆ ಅದರ ಸುಳಿವೇ ಇರಲಿಲ್ಲ. ಇಷ್ಟು ಬೇಸಿಗೆಗಳಲ್ಲಿ ಆ ಮೆಟ್ಟಿಲುಗಳನ್ನು ಹತ್ತಿ ಬಂದವನಿಗೆ ತಾನೂ ಒಂದು ಥ್ಯಾಂಕ್ಸ್ ಹೇಳಿರಲಿಲ್ಲ.

ಬಸ್ ಬಂದು ಬಾಗಿಲು ತೆರೆಯಿತು. ಅವನು ಕಾಲೆತ್ತುವ ಮೊದಲೇ ಚಿನಾಮಿ ಡ್ರೈವರ್‌ಗೆ ತಲೆಬಾಗಿದಳು. "ಕ್ಷಮಿಸಿ, ಇವರು ಬರಲ್ಲ."

ಬಸ್ ಹೊರಟುಹೋಯಿತು.

"ಬಂದಿದ್ದಕ್ಕೆ ಥ್ಯಾಂಕ್ಸ್, ಇಷ್ಟು ವರ್ಷಕ್ಕೂ ಸೇರಿಸಿ. ಆದ್ರೂ ಮುಂದಿನ ವರ್ಷ ತರಬೇಡಿ."

ಹಯಾಸೆಯ ಮುಖ ಬಾಡಿತು.

"ಒಂದೇ ಮನೆಯೋರು ಒಬ್ರಿಗೊಬ್ರು ಓಚೂಗೆನ್ ಕೊಡ್ತಾರೇನ್ರೀ? ಇಬ್ರ ಹೆಸರೂ ಬರೆದು ನಿಮ್ಮಜ್ಜಿಗೆ ಕಳಿಸೋಣ."

ಅವನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಆಮೇಲೆ ಕಣ್ಣೊರೆಸಿಕೊಂಡು ನಕ್ಕ.

"ಅಜ್ಜಿಗೂ ಬಿಯರೇ ಇಷ್ಟ."