ಉಪ್ಪು ತಿಂದ ಬೆರಳು

"ಒತ್ತಬೇಡ. ಸುಮ್ನೆ ಇಡು," ಎಂದ ನಾರ್ತೆ, ಮಾಮ್ಲೆಯ ಹೆಬ್ಬೆರಳನ್ನು ಯಂತ್ರದ ಗಾಜಿನ ಮೇಲಿಡುತ್ತ.

ಕೆಂಪು ದೀಪ.

ತೋರುಬೆರಳು. ಕೆಂಪು. ನಡುಬೆರಳು. ಮತ್ತೆ ಕೆಂಪು.

"ಬೆರಳೊತ್ತು ತಗೊಳ್ತಿದ್ದೀಯೋ, ಮದುವೆ ಆಗ್ತಿದ್ದೀಯೋ?" ಸಾಲಿನಲ್ಲಿದ್ದ ಡೆಡೆ ಅಜ್ಜಿ ಕೂಗಿದಳು. "ಬೇಗ ಹೇಳಪ್ಪ, ಬಿಸಿಲು!"

"ಸುಮ್ನಿರಜ್ಜಿ."

ಹಳದಿ ಕೊಡೆಯ ಕೆಳಗೆ ಮೊಬೈಲ್ ಹಣದ ಮೇಜು ಹಾಕಿಕೊಂಡಿದ್ದ ನಾರ್ತೆ, ಡಬ್ಬಿಯಿಂದ ಚರ್ಮ ಮೆದುವಾಗಿಸುವ ಶಿಯಾ ಬೆಣ್ಣೆ ತೆಗೆದು ಅವಳ ಒಂದೊಂದೇ ಬೆರಳಿಗೆ ಹಚ್ಚತೊಡಗಿದ. ಮೂರು ದಿನದಿಂದ ಇದೇ. ಅವಸರವಿಲ್ಲದ ಕೈ.

"ನಿಜ ಹೇಳು, ಯಂತ್ರ ನೀನೇ ಕೆಡಿಸಿದ್ದಲ್ವಾ?" ಎಂದಳು ಮಾಮ್ಲೆ.

"ಕೆಡಿಸೋಕೆ ಬಂದಿದ್ರೆ ಹೋದ ವರ್ಷಾನೇ ಕೆಡಿಸ್ತಿದ್ದೆ." ಅವನು ತಲೆಯೆತ್ತಲಿಲ್ಲ. ತುಟಿಯ ಒಂದು ಕೊನೆ ಮಾತ್ರ ನಕ್ಕಿತು.

ಅವಳೂ ನಕ್ಕಳು. ದೀಪ ಮತ್ತೆ ಕೆಂಪಾಯಿತು. ನಗು ನಿಂತಿತು.

ಹದಿನಾಲ್ಕು ವರ್ಷ ಹಿನ್ನೀರಲ್ಲಿ ಬಗ್ಗಿ ಉಪ್ಪು ಬಾಚಿದ ಬೆರಳುಗಳು. ಗೆರೆಗಳನ್ನೆಲ್ಲ ಉಪ್ಪೇ ತಿಂದುಬಿಟ್ಟಿತ್ತು. ಈಗ ಲಾರಿಯವರು ನೋಟು ತರುವುದಿಲ್ಲ, ಫೋನಿಗೇ ಹಾಕುತ್ತಾರೆ. ಬೆರಳೊತ್ತಿಲ್ಲದೆ ಸ್ವಂತ ಫೋನ್ ನಂಬರ್ ಸಿಗುವುದಿಲ್ಲ. ಹೋದ ಸಲ ಅವಳ ಉಪ್ಪಿನ ಹಣ ಚಿಕ್ಕಪ್ಪನ ಫೋನಿಗೆ ಬಿತ್ತು. ಆ ಮಳೆಗಾಲ ಚಿಕ್ಕಪ್ಪನ ಮನೆಗೆ ಹೊಸ ತಗಡು ಬಂತು. ಅವಳ ಮನೆ ಸೋರಿತು.

"ದೂರದ ಕುಮಾಸಿ ಪಟ್ಟಣದವರೆಗೆ ಜನ ಸಾರಿಗೆ ಹಾಕೋದು ನಾನು ಬಾಚಿದ ಉಪ್ಪು," ಎಂದಳು. "ಈ ಪೆಟ್ಟಿಗೆ ನನ್ನನ್ನ ಯಾರೂ ಅಲ್ಲ ಅನ್ನುತ್ತಾ? ದುಡಿದಿದ್ದಕ್ಕೇ ಬೆರಳು ಸವೀತು. ದುಡಿಯದವನ ಬೆರಳು ನೋಡು, ಒಂದೇ ಸಲಕ್ಕೆ ಹಸಿರು!"

"ಇದನ್ನ ಮಾಡಿದವರು ಉಪ್ಪು ಬಾಚಿಲ್ಲ, ಮಾಮ್ಲೆ."

ದಂಡೆಯ ಕಡೆಯಿಂದ ಲಾರಿಯ ಹಾರ್ನ್ ಕೇಳಿಸಿತು. ಅಲ್ಲಿ ಅವಳ ಉಪ್ಪಿನ ಗುಡ್ಡೆಯ ಪಕ್ಕ ಚಿಕ್ಕಪ್ಪ ಆಗಲೇ ಫೋನ್ ಹಿಡಿದು ನಿಂತಿದ್ದ.

ನಾರ್ತೆ ಜೇಬಿನಿಂದ ಹೊಸ ಸಿಮ್ ತೆಗೆದು ಅವಳ ಅಂಗೈಯಲ್ಲಿಟ್ಟ.

"ನನ್ನ ಬೆರಳು ಕೊಟ್ಟು ತೆಗೆಸಿದ್ದೀನಿ. ಹೆಸರು ನಂದು, ಪಿನ್ ನಿಂದು. ಹೇಗೂ..." ಬೆಣ್ಣೆ ಡಬ್ಬಿಯ ಮುಚ್ಚಳ ತಿರುಗಿಸಿದ. "ಹೇಗೂ ಭಾನುವಾರ ಶಾಸ್ತ್ರದ ಜಿನ್ ಬಾಟಲಿ ಹಿಡ್ಕೊಂಡು ನಿಮ್ಮನೆ ಬಾಗಿಲು ತಟ್ಟೋನಿದ್ದೆ. ಹೆಣ್ಣು ಕೇಳೋಕೆ."

ಸಾಲೆಲ್ಲ ಕಿವಿಗೊಟ್ಟು ಮುಂದೆ ಬಾಗಿತು. ಡೆಡೆ ಅಜ್ಜಿಯೂ.

ಮಾಮ್ಲೆ ಅವನ ಕಣ್ಣಲ್ಲಿ ಚಿಕ್ಕಪ್ಪನ ದುರಾಸೆಯನ್ನು ಹುಡುಕಿದಳು. ಸಿಗಲಿಲ್ಲ. ಆದರೂ ಸಿಟ್ಟು ಇಳಿಯಲಿಲ್ಲ.

"ಬಂದು ತಟ್ಟು. ಅಮ್ಮ ಬೈತಾಳೆ. ನಾನು ತೆಗೀತೀನಿ."

"ಮತ್ತೆ ಇದು?"

ಅವಳು ಸಿಮ್ಮನ್ನು ಮೇಜಿನ ಮೇಲಿಟ್ಟು ಅವನ ಕಡೆ ಸರಿಸಿದಳು.

"ಲಾರಿ ಹೋಗಿಬಿಡುತ್ತೆ ಕಣೇ!"

"ಹೋಗಲಿ. ಉಪ್ಪು ಕೊಳೆಯಲ್ಲ. ನನ್ನ ಹೆಸರಲ್ಲೇ ನಂಬರ್ ಕೊಡೋವರೆಗೆ ಆ ಗುಡ್ಡೆ ಮೇಲೆ ಕೂತಿರ್ತೀನಿ, ಚಿಕ್ಕಪ್ಪ ಲಾರಿಗೆ ಹೇಗೆ ತುಂಬಿಸ್ತಾನೆ ನೋಡೋಣ."

"ಇವತ್ತೊಂದು ದಿನಕ್ಕೆ, ಮಾಮ್ಲೆ. ನನಗೋಸ್ಕರ."

"ಬೇಡ."